ಕೆಂಪಿಯ ಎರಡು ಮೂಟೆ

ಮಾದಯ್ಯ ಮೂಟೆಯಿಂದ ಬೊಗಸೆ ತುಂಬ ಹಸಿ ಕಾಫಿ ಬೀಜ ಎತ್ತಿ ಮೂಗಿಗೆ ಹಿಡಿದ. ಪ್ರತಿವರ್ಷದಂತೆ ಕಣ್ಣು ಮುಚ್ಚಿ ಉಸಿರೆಳೆದು, "ಈ ಸಲಾನೂ ಬಂಗಾರ ಕನವ್ವ," ಎಂದ.

ಕೆಂಪಿ ಅವನನ್ನು ದಿಟ್ಟಿಸಿದಳು. ಕೋಟಗಿರಿ ಆಚೆಯ ಹಟ್ಟಿಯಿಂದ ಮೊದಲ ಬಸ್ಸಿಗೆ ಎರಡು ಮೂಟೆ ಹೇರಿಕೊಂಡು ಬಂದಿದ್ದಳು. ಹಟ್ಟಿಯವರೆಲ್ಲ ಟೀ ನೆಟ್ಟರೂ ಅವಳು ಗುಡ್ಡದ ನೆತ್ತಿಯ ಕಾಫಿ ಗಿಡ ಕೀಳದೆ ಉಳಿಸಿಕೊಂಡದ್ದು ಊಟಿಯ ಈ ಕಾಫಿ ಹುರಿಯುವ ಅಂಗಡಿಯನ್ನು ನಂಬಿ. ಮಾದಯ್ಯನ ಅಪ್ಪ ಗುಂಡ್ಲುಪೇಟೆಯಿಂದ ಬಂದು ಹಾಕಿದ ಅಂಗಡಿ. ಆ ಎತ್ತರದ ಬೀಜಕ್ಕೆ ಬೇರೆ ಬೀಜ ಬೆರೆಸಬಾರದು, ಚಿಕೋರಿ ಸೋಕಿಸಬಾರದು ಎಂಬುದು ಅಂದಿನ ಕಟ್ಟುಪಾಡು. ಮೂಗಿಗೆ ಒಪ್ಪದ ಮೂಟೆಯನ್ನು ಮಾದಯ್ಯ ಬೀದಿಗೆ ಎಸೆದದ್ದೂ ಉಂಟು.

"ಯಾಕವ್ವ ಹಂಗ್ ನೋಡ್ತೀಯೆ?"

"ಅಣ್ಣಾ, ಇದು ಕಣದಲ್ಲಿ ಮಳೆಗೆ ನೆನೆದ ಮೂಟೆ. ಮುಗ್ಗಲು ಹಿಡಿದದೆ. ಏನು ಮಾಡಲಿ ಅಂತ ಕೇಳಾಕೆ ತಂದೆ. ಒಳ್ಳೇದು ಅದು, ಆ ಮೂಟೆ."

ಮಾದಯ್ಯ ಸಿಡಿದುಬಿದ್ದ. ನಲವತ್ತು ವರ್ಷದ ಮೂಗನ್ನು ಪರೀಕ್ಷೆ ಮಾಡಲು ಬಂದೆಯಾ ಎಂದು ಕೂಗಿದ. ಕೂಗುತ್ತ ಕೂಗುತ್ತ ಅವನ ದನಿ ತಾನೇ ಕುಸಿಯಿತು. ದೀಪಾವಳಿಯಲ್ಲಿ ಬಂದ ಜ್ವರ ಬಿಟ್ಟಾಗಿನಿಂದ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಎರಡು ತಿಂಗಳಿಂದ ಬೀಜ ಸಿಡಿಯುವ ಸದ್ದು ಕೇಳಿ, ಬಣ್ಣ ನೋಡಿ ಹುರಿಯುತ್ತಿದ್ದ. ಹಳೆಯ ಗಿರಾಕಿಗಳು ಯಾಕೋ ಮೊದಲಿನ ಹಾಗಿಲ್ಲ ಎನ್ನತೊಡಗಿದ್ದರು. ಸಂಗತಿ ಹೊರಬಿದ್ದರೆ ಅಂಗಡಿ ಮುಚ್ಚಬೇಕು. ಹುರಿಯುವ ಡ್ರಮ್ಮಿನ ಮುಂದೆ ನಿಲ್ಲುವುದು ಬಿಟ್ಟು ಅವನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

"ವಾಸನೇನೇ ತಿಳಿಯಾಕಿಲ್ಲ. ನನ್ನ ಹೆಂಡ್ರು ಲಿಂಗಾಜಮ್ಮನ್‌ಗೂ ಹೇಳಿಲ್ಲ ಕನವ್ವ."

ಕೆಂಪಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಜಬೇಡ," ಎಂದವಳೇ ಅಂಗಡಿಯ ಹಿಂಬಾಗಿಲಿಗೆ ಹೋಗಿ ಅವನ ಹೆಂಡತಿಯನ್ನು ಕರೆದಳು.

ಲಿಂಗಾಜಮ್ಮ ಒದ್ದೆ ಕೈಯಲ್ಲೇ ಬಂದಳು. ಮದುವೆಯಾದಂದಿನಿಂದ ಅವಳಿಗೆ ಗಂಡನ ಡ್ರಮ್ಮಿನ ಹತ್ತಿರ ಸುಳಿಯಲು ಅಪ್ಪಣೆಯಿರಲಿಲ್ಲ. ಕೆಂಪಿ ಹೇಳಿದ್ದನ್ನೆಲ್ಲ ಕೇಳಿ ಬೆಚ್ಚಲಿಲ್ಲ.

"ಸೀದೋದ ಸಾರು ಉಂಡು ಚೆಂದಾಗದೆ ಅಂದ್ರಲ್ಲ, ಅವತ್ತೇ ತಿಳೀತು. ಇವರಾಗಿ ಹೇಳ್ಲಿ ಅಂತ ಕಾದೆ."

ಮಾದಯ್ಯ ಬೆಂಕಿ ಹಚ್ಚಿ, ಒಳ್ಳೆಯ ಮೂಟೆಯ ಬೀಜವನ್ನು ಡ್ರಮ್ಮಿಗೆ ಸುರಿದು ಪಕ್ಕಕ್ಕೆ ಸರಿದು ನಿಂತ. ಆ ಜಾಗಕ್ಕೆ ಲಿಂಗಾಜಮ್ಮ ಬಂದಳು.

ಬೀಜ ಉರುಳತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಅವನು ವಾಸನೆ ಈಗ ಹೇಗಿದೆ ಎಂದು ಕೇಳಿದ. ಒಣಹುಲ್ಲು ಬಿಸಿಲಿಗೆ ಕಾದ ಹಾಗೆ ಎಂದಳು. ಮತ್ತೆ ಕೇಳಿದ. ಕಡಲೆ ಹುರಿದ ಹಾಗೆ. ಒಳಗೆ ಚಟಪಟ ಶುರುವಾಯಿತು. ಅವನ ಕೈ ಡ್ರಮ್ಮಿನ ಬಾಗಿಲ ಹಿಡಿಯತ್ತ ಹೋಗಿ ಅಲ್ಲೇ ನಿಂತಿತು.

"ತಡೀರಿ," ಎಂದಳು. ಮೂಗನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. "ಹಾಂ. ಬೆಣ್ಣೆ ಕಾಸ್ವಾಗ ವೀಳ್ಯದೆಲೆ ಹಾಕೋ ಹೊತ್ತು ಬತ್ತದಲ್ಲ, ಅದು. ಈಗ."

ಮಾದಯ್ಯ ಬಾಗಿಲು ಎಳೆದ. ಬೀಜ ಹೊಗೆಯೊಂದಿಗೆ ತಟ್ಟೆಗೆ ಸುರಿಯಿತು. ರೂಢಿಯಂತೆ ಒಂದು ಹಿಡಿ ಎತ್ತಿಕೊಂಡು, ಸುಡುವ ಬೀಜವನ್ನು ಕೈಯಿಂದ ಕೈಗೆ ಹಾಕಿ ಆರಿಸುತ್ತ, ಹೆಂಡತಿಯ ಮೂಗಿನ ಬಳಿ ಹಿಡಿದ. ಅವಳು ಕಣ್ಣು ಮುಚ್ಚಿದಳು. ಅವನು ಅವಳ ಮುಖವನ್ನೇ ನೋಡುತ್ತ ನಿಂತ.