ತೂಕ ಹೋಯಿತು, ತೂತು ಬಂತು

ಇದು ನೂರಕ್ಕೆ ನೂರು ನಡೆದ ಕಥೆ. ಸೋಪಿನ ಹೊದಿಕೆಯ ಮೇಲೆ ಅಚ್ಚಾದ ನೂರಲ್ಲ, ತಕ್ಕಡಿಯ ಮೇಲೆ ನಿಂತ ನೂರು. ಎರಡಕ್ಕೂ ಏನು ವ್ಯತ್ಯಾಸ ಎನ್ನುವವರು ಆ ಕಾರ್ಖಾನೆಯ ಅತ್ತಿಗೆಯನ್ನು ಕೇಳಬೇಕು.

ಅತ್ತಿಗೆ ಅಂದರೆ ತೂಕದ ಮೇಜಿನ ಹೆಂಗಸು. ಅವಳ ಮೈದುನ ಅಲ್ಲೇ ಎಲೆಕ್ಟ್ರಿಷಿಯನ್. ಅವನು ಬಾಯ್ತುಂಬ ಕರೆದೂ ಕರೆದೂ ಗೇಟಿನ ಕಾವಲುಗಾರನಿಗೂ ಅವಳು ಅತ್ತಿಗೆಯೇ ಆಗಿದ್ದಳು. ಅಚ್ಚಿನಿಂದ ಬಿದ್ದು ಸಾಲಾಗಿ ಬರುವ ಸೋಪುಗಳಲ್ಲಿ ಐವತ್ತಕ್ಕೊಂದನ್ನು ಎತ್ತಿ, ತೂಗಿ, ಬರೆದಿಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ.

ಕಂಪನಿ ತನ್ನ ನೂರನೇ ವರ್ಷಕ್ಕೆ ದಪ್ಪನೆಯ ಚರಿತ್ರೆಯೊಂದನ್ನು ಎಲ್ಲರಿಗೂ ಹಂಚಿತ್ತು. ಮೂಲಪುರುಷ ಅಂಗಡಿಯ ಹಿತ್ತಲಲ್ಲಿ ಕೊಬ್ಬು ಕರಗಿಸಿದ್ದು, ಆಮೇಲೆ ಹಡಗು, ತಾಳೆಎಣ್ಣೆ, ನಲವತ್ತು ದೇಶ; ಬೇರೆ ಕಂಪನಿಗಳನ್ನು ಕೊಳ್ಳುತ್ತ ಹಲ್ಲುಪುಡಿಯವನನ್ನು ಉಜ್ಜಿದ್ದು, ಟೀ ಪುಡಿಯವನನ್ನು ಸೋಸಿದ್ದು, ಐಸ್‌ಕ್ರೀಮಿನವನನ್ನು ನೆಕ್ಕಿದ್ದು. ಅತ್ತಿಗೆ ಆ ಪುಸ್ತಕವನ್ನು ಮೇಜಿನ ಗಿಡ್ಡ ಕಾಲಿನಡಿ ಇಟ್ಟಿದ್ದಳು. ಅವಳ ಪಾಲಿನ ಚರಿತ್ರೆ ಡ್ರಾಯರಿನಲ್ಲಿತ್ತು: ವರ್ಷಕ್ಕೊಂದರಂತೆ ಇಪ್ಪತ್ತೆರಡು ಸೋಪು. ಮೊದಲನೆಯದು ನೂರೈವತ್ತು ಗ್ರಾಂ, ಹಾಲುಗೂಸಿನ ಕೆನ್ನೆಯ ಹಾಗೆ ಗುಂಡಗೆ. ಆಮೇಲೆ ಸೋಪಿಗೆ ಸೊಂಟ ಬಂತು, ಕೈಗೆ ಹಿಡಿತ ಸಿಗಲಿ ಎಂದು. ಹೊಟ್ಟೆ ಒಳಗೆ ಹೋಯಿತು, ಬೇಗ ಒಣಗಲಿ ಎಂದು. ಪ್ರತಿ ಸಲವೂ ಹೊದಿಕೆಯ ಮೇಲೆ ‘ಈಗ ಹೊಸದು’. ಕಂಪನಿ ಹಿಗ್ಗಿದಷ್ಟೂ ಸೋಪು ಕುಗ್ಗಿತು. ಬೆಲೆಗೆ ಮಾತ್ರ ಸೊಂಟವೂ ಬರಲಿಲ್ಲ, ಹೊಟ್ಟೆಯೂ ಕರಗಲಿಲ್ಲ.

ಈ ಕಾರಣಗಳನ್ನೆಲ್ಲ ಹೆತ್ತವನು ಮಾರಾಟದ ಸಾಹೇಬ. ಮೈದುನ ಅವನಿಗಿಟ್ಟ ಹೆಸರು ನೊರೆ. ಕಡಲಾಚೆಯ ಮುಖ್ಯ ಕಚೇರಿಯಲ್ಲಿ ಕೂತ ಅಧ್ಯಕ್ಷ ದೊರೆ. ದೊರೆಗೆ ಸೋಪು ಹಾಕಿ ಹಾಕಿ ಮೇಲೆದ್ದವನು ನೊರೆ. ಒಳಗೆ ಗಾಳಿ ಬಿಟ್ಟರೆ ಮತ್ತೇನೂ ಇಲ್ಲ.

ಒಂದು ಸೋಮವಾರ ಅತ್ತಿಗೆ ನೂರು ಗ್ರಾಂ ಎಂದು ಅಚ್ಚಾದ ಸೋಪಿಗೆ ತೊಂಬತ್ತಾರು ಎಂದು ಬರೆದಳು. ನೊರೆ ಬಂದು ಮೇಜಿಗೆ ಆನಿಕೊಂಡ.

“ನೋಡಮ್ಮ, ನಾಲ್ಕು ಗ್ರಾಂ ನೀರು ಆವಿ ಆಗಿದೆ ಅಂತ ಬರೀರಿ.”

“ಆವಿ ಆಗಿರೋದು ನೀರಲ್ಲ ಸಾರ್, ನಾಚಿಕೆ.”

ನೊರೆ ನಕ್ಕ. ಸಿಟ್ಟು ಬಂದಾಗಲೂ ಅವನು ನಗುತ್ತಿದ್ದ. ಮೇಲಿನವರು ಯಾವಾಗ ನೋಡುತ್ತಾರೋ ಹೇಳಲಾಗದು. “ನಿಮಗೂ ವಯಸ್ಸಾಯ್ತು. ಬರೋ ವಾರ ಗುರುವಾರ ಅಧ್ಯಕ್ಷರು ಬರ್ತಾರೆ. ಈ ಮೇಜು ತೆಗೆಯೋ ಕಾಗದಕ್ಕೆ ಸಹಿ ಹಾಕಿಸ್ಬಿಡ್ತೀನಿ. ಮನೇಲಿ ಆರಾಮಾಗಿರಿ.”

ಅತ್ತಿಗೆ ಪೆನ್ನು ಕೆಳಗಿಟ್ಟಳು. ಗಂಡ ತೀರಿಕೊಂಡು ಒಂಬತ್ತು ವರ್ಷ. ಓದುವ ಮಗಳಿಗೂ ತನಗೂ ಅನ್ನ ಹಾಕುತ್ತಿದ್ದದ್ದು ಆ ಮೇಜೊಂದೇ.

ಊಟದ ಹೊತ್ತಿಗೆ ಮೈದುನನ ವಿದ್ಯುತ್ ಕೋಣೆಗೆ ಹೋಗಿ ಹೇಳಿಕೊಂಡಳು.

“ಅಳ್ಬೇಡಿ ಅತ್ತಿಗೆ. ಅತ್ರೆ ನಿಮ್ಮದೂ ತೂಕ ಕಮ್ಮಿ ಆಗುತ್ತೆ.”

“ನಿನ್ನ ನಾಲಿಗೆಗೆ ಸೋಪು ಹಾಕಿ ತಿಕ್ಬೇಕು ಕಣೋ.”

“ತಿಕ್ಕಿ. ನಮ್ಮ ಕಂಪನೀದೇ ಆದ್ರೆ ಏನೂ ಹೋಗಲ್ಲ.” ಗಂಟಲು ಸರಿಮಾಡಿಕೊಂಡ. ಹೊರಬಂದದ್ದು ಅಚ್ಚೊತ್ತಿದಂತೆ ದೊರೆಯ ದನಿ, ವರ್ಷಕ್ಕೊಮ್ಮೆ ಎಲ್ಲರನ್ನೂ ಸಾಲಾಗಿ ಕೂರಿಸಿ ಕೇಳಿಸುವ ಭಾಷಣದ ದನಿ: “ಗ್ರಾಹಕರೇ ನಮ್ಮ ಕುಟುಂಬ, ಅಲ್ಲವೇ? ಕುಟುಂಬವನ್ನು ತೊಳೆಯುವುದೇ ನಮ್ಮ ಧರ್ಮ, ಅಲ್ಲವೇ?”

ಅತ್ತಿಗೆಗೆ ಅಳುವಿನ ನಡುವೆಯೇ ನಗು ಬಂತು.

“ಈ ದನೀಲಿ ನೊರೆಗೊಂದು ಫೋನ್ ಹೊಡೀಲಾ? ಸೋಪಿನ ನಡುವೆ ತೂತು ಕೊರಿ ಅಂತ. ದೊರೆ ಬಂದಾಗ ತೂತಿನ ಸೋಪು ಹಿಡ್ಕೊಂಡು ನಿಲ್ತಾನೆ. ಅಂಥ ಪೆದ್ದ ಕೊಟ್ಟ ಕಾಗದಕ್ಕೆ ಯಾರು ಸಹಿ ಹಾಕ್ತಾರೆ?”

“ಅವನು ನಂಬಲ್ಲ ಕಣೋ.”

“ಇಷ್ಟು ವರ್ಷ ನಂಬಿದ್ದೆಲ್ಲ ಇದಕ್ಕಿಂತ ಬುದ್ಧಿವಂತಿಕೆ ಮಾತಾ?”

ಫೋನು ಹೋಯಿತು. ಕೋಣೆಯ ಕಿಟಕಿಯಿಂದ ನೊರೆಯ ಗಾಜಿನ ಕ್ಯಾಬಿನ್ ಕಾಣುತ್ತಿತ್ತು. ದನಿ ಕೇಳಿದ್ದೇ ಅವನು ಕುರ್ಚಿಯಿಂದೆದ್ದು ಅಂಗಿಯನ್ನು ಪ್ಯಾಂಟಿನೊಳಗೆ ತುರುಕಿಕೊಂಡ.

“ತೂತಿಲ್ಲದ ಸೋಪಿಗೆ ಭವಿಷ್ಯವಿಲ್ಲ, ಅಲ್ಲವೇ?”

“ಅಲ್ಲ ಸರ್. ಅಂದ್ರೆ ಹೌದು ಸರ್.”

ಫೋನು ಮಾಡಿದ್ದು ನೀವೇನಾ ಎಂದು ದೊರೆಯನ್ನು ತಿರುಗಿ ಕೇಳುವ ಎದೆ ನಲವತ್ತು ದೇಶದಲ್ಲಿ ಯಾರಿಗೂ ಇರಲಿಲ್ಲ. ಮಾರನೆಯ ದಿನವೇ ಹೊಸ ಅಚ್ಚು ಕೊರೆಯಲು ಹಚ್ಚಿದರು. ವಾರ ಮುಗಿಯುವಷ್ಟರಲ್ಲಿ ನಡುವೆ ಹೆಬ್ಬೆರಳು ಹೋಗುವಷ್ಟು ತೂತಿರುವ ಸೋಪು ಬಂತು. ನೊರೆ ಅದಕ್ಕೊಂದು ಕಾರಣವನ್ನೂ ಹೆತ್ತ: ಉಸಿರಾಡುವ ಸೋಪು. ಅತ್ತಿಗೆ ತೂಗಿದಳು. ಎಪ್ಪತ್ತೆಂಟು.

ಗುರುವಾರ ದೊರೆ ಬಂದ. ಫೋಟೋದಲ್ಲಿ ಇನ್ನೂ ಎತ್ತರವಿದ್ದ. ನೊರೆ ತೂತಿನ ಸೋಪುಗಳ ತಟ್ಟೆ ಮುಂದೆ ಹಿಡಿದ. ಮೈದುನ ಏಣಿ ಹತ್ತಿ, ಕೆಡದ ಟ್ಯೂಬ್‌ಲೈಟನ್ನು ರಿಪೇರಿ ಮಾಡತೊಡಗಿದ.

“ಇದು ಯಾರ ಯೋಚನೆ?” ಎಂದ ದೊರೆ.

“ತಮ್ಮದೇ ಸರ್. ಫೋನಿನಲ್ಲಿ ತಾವೇ ಹೇಳಿದ್ದು.”

ದೊರೆ ಸೋಪನ್ನೆತ್ತಿ ತೂತಿನಿಂದ ನೊರೆಯನ್ನು ನೋಡಿದ. ಅತ್ತಿಗೆ ಅವನ ಮುಖವನ್ನು ತಕ್ಕಡಿಯ ಮುಳ್ಳನ್ನು ನೋಡುವ ಹಾಗೆ ನೋಡಿದಳು. ಮುಳ್ಳು ಒಮ್ಮೆ ಅನುಮಾನದ ಕಡೆ ವಾಲಿತು, ಒಮ್ಮೆ ಲಾಭದ ಆಸೆಯ ಕಡೆ ವಾಲಿತು, ಅಲ್ಲೇ ನಿಂತಿತು.

“ಹೌದು, ನಾನೇ ಹೇಳಿದ್ದು. ಈ ತೂತು ಬಹಳ ದಿನದಿಂದ ನನ್ನ ತಲೆಯಲ್ಲಿತ್ತು, ಅಲ್ಲವೇ?”

ಏಣಿಯ ಮೇಲೆ ಮೈದುನನ ಮುಖ ಸಪ್ಪಗಾಯಿತು. ನೊರೆ ಹಿಗ್ಗಿ, ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೇಜು ತೆಗೆಯುವ ಕಾಗದವನ್ನು ಮುಂದೆ ಚಾಚಿದ. ದೊರೆ ಪೆನ್ನಿನ ಮುಚ್ಚಳ ತೆಗೆದ.

ಅತ್ತಿಗೆಗೆ ಒಂದು ಮಾತು ಹೊಳೆಯಿತು. ತಾನಾಡದ ಒಂದು ಮಾತನ್ನು ತನ್ನದೆಂದು ನುಂಗಿದವನಿಗೆ ಇನ್ನೊಂದು ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು.

“ಸರ್, ಅದೇ ಫೋನಲ್ಲಿ ತಾವು ಇನ್ನೊಂದು ಮಾತೂ ಅಂದ್ರಂತಲ್ಲ. ತೂತು ಬಂದ್ಮೇಲೆ ತೂಕದ ಮೇಜು ತೆಗೀಬಾರದು, ಈಗಿರೋ ಹೆಂಗಸೇ ಇರ್ಬೇಕು ಅಂತ.”

ಪೆನ್ನು ನಿಂತಿತು. ಇದನ್ನು ಆಡಿಲ್ಲವೆಂದರೆ ಅದನ್ನೂ ಆಡಿಲ್ಲವೆಂದಂತೆ.

“ಹೇಳಿದ್ದೆ,” ಎಂದ ದೊರೆ. ನೊರೆಯ ಕಡೆ ತಿರುಗಿದ. “ಹೇಳಿದ್ದೆ, ಅಲ್ಲವೇ?”

ಫೋನಿನಲ್ಲಿ ಅಂಥ ಮಾತು ಬರಲಿಲ್ಲವೆಂದು ನೊರೆಗೆ ಗೊತ್ತಿತ್ತು. ಅವನು ಅತ್ತಿಗೆಯನ್ನು ನೋಡಿದ, ಪೆನ್ನನ್ನು ನೋಡಿದ, ದೊರೆಯ ಹುಬ್ಬನ್ನು ನೋಡಿದ.

“ಎರಡು ಸಲ ಹೇಳಿದ್ರಿ ಸರ್. ನಾನೇ ಮರೆತಿದ್ದೆ.” ಕಾಗದವನ್ನು ತಾನೇ ನಾಲ್ಕಾಗಿ ಹರಿದ.

ಅತ್ತಿಗೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತಳು.

ದೊರೆ ತನ್ನ ಜಾಣತನಕ್ಕೆ ತಾನೇ ಮಾರುಹೋಗಿ ಸೋಪನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದ. “ನಮ್ಮ ಸೋಪಿನಲ್ಲಿ ಏನೂ ಇಲ್ಲ ಎಂದು ಬಯ್ಯುವವರಿದ್ದಾರೆ. ಇನ್ನು ಮೇಲೆ ಆ ಏನೂ ಇಲ್ಲದ್ದನ್ನೇ ನಡುವೆ ಇಟ್ಟು ಮಾರೋಣ, ಅಲ್ಲವೇ?”

ಮೈದುನ ನಕ್ಕ ರಭಸಕ್ಕೆ ಏಣಿ ಅಲುಗಾಡಿತು. ಪ್ಯಾಕಿಂಗಿನ ಹೆಂಗಸರು ಒಬ್ಬರ ಬೆನ್ನಿಗೊಬ್ಬರು ಮುಖ ಮುಚ್ಚಿಕೊಂಡು ನಕ್ಕರು. ಅತ್ತಿಗೆ ತಕ್ಕಡಿಯನ್ನು ಹಿಡಿದುಕೊಂಡು ನಕ್ಕಳು. ಆದರೆ ಅವರೆಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಮೇಜು ಅಲುಗಿ ತಟ್ಟೆಯ ತೂತಿನ ಸೋಪುಗಳೆಲ್ಲ ಒಂದೊಂದಾಗಿ ನೆಲಕ್ಕುರುಳುವ ಹಾಗೆ ನಕ್ಕವನು ನೊರೆ.