ಹತ್ತೊಂಬತ್ತು ದಿನದ ಪಟ್ಟಿ

ನಾನೂ ಅಣ್ಣನೂ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ ನಡೆಸುತ್ತೇವೆ. ಯಂತ್ರ ಕೆಟ್ಟಿತೆಂದು ಹೊತ್ತು ತರುವವರಲ್ಲಿ ಅರ್ಧ ಜನ ದಾರ ಪೋಣಿಸುವುದರಲ್ಲೇ ತಪ್ಪು ಮಾಡಿರುತ್ತಾರೆ. ದಾರ ಹೋಗುವ ದಾರಿಯ ಚಿತ್ರವೊಂದನ್ನು ಯಾರಿಂದಲಾದರೂ ಬರೆಸಿ ಎಲ್ಲರಿಗೂ ಕೊಡೋಣ ಎಂದೆ. ಹಾಗೆಂದಿದ್ದೇ ತಪ್ಪಾಯಿತು.

"ಇಂಥ ಬಿಡಿ ಕೆಲಸಕ್ಕೆ ಚಿತ್ರ ಬರೆಯೋರು ಆನ್‌ಲೈನಲ್ಲೇ ಸಿಗ್ತಾರೆ. ಯಾವ ಸೈಟು ಒಳ್ಳೇದು ಅಂತ ನೋಡ್ತೀನಿ" ಎಂದು ಅಣ್ಣ ಕೂತ. ಕೂತವನು ಹತ್ತೊಂಬತ್ತು ದಿನ ಏಳಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ಏಳು ಸೈಟುಗಳ ಪಟ್ಟಿ ಮಾಡಿದ. ಒಂದರಲ್ಲಿ ಕಮಿಷನ್ ಜಾಸ್ತಿಯಂತೆ, ಇನ್ನೊಂದರಲ್ಲಿ ಹೊಗಳಿದವರೆಲ್ಲ ಒಂದೇ ಥರ ಹೊಗಳಿದ್ದಾರಂತೆ, ಮತ್ತೊಂದರಲ್ಲಿ ಜಗಳವಾದರೆ ಕೇಳುವವರೇ ಇಲ್ಲವಂತೆ. ಯಾರನ್ನೂ ಕರೆಯುವ ಮೊದಲೇ ಜಗಳದ ಚಿಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಅಂದರೆ ಇದೇ.

ಇವತ್ತು ಅದೇ ದಾರದ ತಪ್ಪಿಗೆ ಅಜ್ಜಿಯೊಬ್ಬರು ಮೂರನೇ ಸಲ ಬಂದರು. ನನ್ನ ತಾಳ್ಮೆ ಕಿತ್ತುಹೋಯಿತು. ಕೈಗೆ ಸಿಕ್ಕ ಕಾಗದದ ಮೇಲೆ ಸೂಜಿ, ದಾರ, ಬಾಣದ ಗುರುತು ಗೀಚಿ ಕೊಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

"ಈಗ ಗೊತ್ತಾಯ್ತು ಬಿಡಮ್ಮ" ಎಂದು ಅವರು ಅದನ್ನು ಮಡಚಿಕೊಂಡು ಹೊರಟರು.

ಅಷ್ಟರಲ್ಲಿ ಅಣ್ಣ ಒಳಗಿನಿಂದ ಓಡಿ ಬಂದ. "ಸೈಟು ಆರಿಸಿಬಿಟ್ಟೆ ಕಣೇ! ಮೇಜಿನ ಮೇಲಿದ್ದ ನನ್ನ ಪಟ್ಟಿ ಎಲ್ಲಿ?"

"ಅದರ ಹಿಂಬದೀಲೇ ಚಿತ್ರ ಬರೆದು ಅಜ್ಜಿಗೆ ಕೊಟ್ಟೆ. ಕೆಲಸ ಮುಗೀತು" ಎಂದೆ.

ಅಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. "ಅಯ್ಯೋ, ಆರಿಸಿದ ಸೈಟಿನ ಹೆಸರು ಅದರಲ್ಲೇ ಇತ್ತು! ಇನ್ನು ಮೊದಲಿಂದ ಶುರು ಮಾಡ್ಬೇಕಲ್ಲೇ!"