ಸಸ್ತಾ ಖೋಲಿ

ಶೇವಂತಾಬಾಯಿ ಎತ್ತಿನ ಕೊರಳ ಗಂಟೆ ಬಿಚ್ಚಿ ತೊಳೆದು, ಅದರಲ್ಲೇ ನೀರು ತುಂಬಿ ನೆರೆಮನೆಯ ಐದು ವರ್ಷದ ಮುನ್ನಿ ಬೀಯ ಬಾಯಿಗೆ ಹಿಡಿದಳು. ಗಂಟೆಯ ನೀರು ಕುಡಿದರೆ ಬಿದ್ದ ದನಿ ಏಳುತ್ತದೆಂದು ಕಲ್ಯಾಣದ ಆ ಓಣಿಯಲ್ಲಿ ನಂಬದವರಿರಲಿಲ್ಲ.

“ಕುಡಿ ನನ್ನವ್ವಾ, ಗಂಟಿಹಂಗ ಮಾತಾಡ್ತಿ ನೋಡು.”

ಮುನ್ನಿ ಕುಡಿದು, ಮುದುಕಿಯ ಕಿವಿಗೆ ಬಾಯಿಟ್ಟು “ಇನ್ನಷ್ಟು ಕೊಡು” ಎಂದು ಪಿಸುಗುಟ್ಟಿದಳು.

“ಸರ್ದಾರಬಿ, ನೀವು ಬಂದಾಗಿಂದ ನೋಡಾಕತ್ತೇನಿ. ಪೋರಿ ಗಂಟಲಿಗಿ ಏನಾಗ್ಯಾದ? ಹೋದ ವರ್ಷ ಇದರ ದನಿಗಿ ಕಾಗಿ ಹಾರಿ ಹೋಗತಿದ್ದವು.”

ಸರ್ದಾರಬಿ ಪಕ್ಕದ ಅಂಗಳ ಗುಡಿಸುತ್ತಿದ್ದಳು. ಅದು ಅವಳಿಗೆ ತಾಯಿಯಿಂದ ಬಂದ ಮನೆ. ಅದನ್ನು ಮಾರಲೆಂದೇ ಹೈದರಾಬಾದಿನಿಂದ ಮಗಳೊಡನೆ ಬಂದಿದ್ದಳು. ಹಿಂದಿನ ವರ್ಷದ ಗಲಭೆಯಾದ ಮೇಲೆ ಅರ್ಧ ಓಣಿಯೇ ಅತ್ತ ಹೋಗಿತ್ತು. ಗಂಡ ಮಹೆಬೂಬನಿಗೆ ಅಲ್ಲಿ ಸಿಗರೇಟು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬಂದ ದಿನದಿಂದ ಅವಳು ಬಾವಿಕಟ್ಟೆಯಲ್ಲಿ ಅಲ್ಲಿಯ ತನ್ನ ಖೋಲಿಯನ್ನು ಹೊಗಳಿದ್ದೇ ಹೊಗಳಿದ್ದು: ಬಲು ಸಸ್ತಾ, ಆ ಬಾಡಿಗೆಗೆ ಹೈದರಾಬಾದಿನಲ್ಲಿ ಕೊಟ್ಟಿಗೆಯೂ ಸಿಗುವುದಿಲ್ಲ, ಬಾಗಿಲಲ್ಲೇ ನಲ್ಲಿ, ಸುತ್ತ ನಮ್ಮವರೇ. ಸುಳ್ಳೇನೂ ಅಲ್ಲ.

“ಗಂಟಲಿಗಿ ಏನೂ ಆಗಿಲ್ಲ ಕಾಕಿ,” ಎಂದಳು, ಪೊರಕೆ ನಿಲ್ಲಿಸದೆ. “ಒಂದ ಖೋಲಿಗಿ ಗೋಣಿತಟ್ಟು ಕಟ್ಟಿ ನಾಕು ಸಂಸಾರ ಅದಾವ. ರಾತ್ರಿಪಾಳಿಯವರು ಹಗಲು ಮಲಗತಾರ. ಗದ್ದಲಾದ್ರ ಖಾಲಿ ಮಾಡ್ರಿ ಅಂತಾನ ಮಾಲಕ. ಪಿಸಿಪಿಸಿ ಮಾತಾಡು ಅಂತ ನಾನೇ ಕಲಿಸೀನಿ.”

“ಮತ್ತ ಭಾಳ ಸಸ್ತಾ ಅಂದಿ?”

“ಅದಕ್ಕ ಸಸ್ತಾರಿ.”

ಶೇವಂತಾಬಾಯಿ ಗಂಟೆಯನ್ನು ಸೆರಗಿನಿಂದ ಒರೆಸಿದಳು. “ಮನಿ ಮಾರಬ್ಯಾಡ. ಇಲ್ಲೇ ಇರು.”

“ಇಲ್ಲಿ ದುಡಿಮಿ ಎಲ್ಲಿ ಅದ? ಕತ್ತಲಾದ ಮ್ಯಾಲ ಯಾರರೆ ಕದ ಬಡದ್ರ ಇನ್ನೂ ಪೋರಿನ್ನ ಅವಚಿಕೊಂಡು ಮೂಲಿಗಿ ಹೋಗಿ ಕುಂಡರತೀನ್ರಿ.”

ಗಲಭೆಯ ಆ ದಿನಗಳನ್ನು ಮುದುಕಿಯೂ ಕಂಡಿದ್ದಳು.

ಮನೆ ಕೊಳ್ಳಲಿದ್ದ ವ್ಯಾಪಾರಿ ತುಳಜಾರಾಮ ಖರೀದಿ ಕಾಗದ ಮಾಡಿಸುವಷ್ಟರಲ್ಲಿ ವಾರ ಕಳೆಯಿತು. ಅಷ್ಟರಲ್ಲಿ ಮುನ್ನಿ ಮೊದಲು ಕೋಳಿಗಳ ಮೇಲೆ ಕೂಗಿದಳು, ಆಮೇಲೆ ಬಾವಿಗೆ ಬಗ್ಗಿ ಕೂಗಿದಳು. ಬಾವಿ ತಿರುಗಿ ಕೂಗಿದ್ದೇ ತಡ, ಅವಳನ್ನು ಹಿಡಿಯುವವರೇ ಇಲ್ಲ. ಶೇವಂತಾಬಾಯಿ ಎಲ್ಲವೂ ಗಂಟೆಯ ನೀರಿನ ಗುಣವೆಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಸರ್ದಾರಬಿ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡಾಗ ಮಾಳಿಗೆಯ ಮೇಲಿಂದ ಮಗಳ ಕೂಗು ಕೇಳಿಸಿತು. ಕೈ ಕಾಗದದ ಮೇಲೆಯೇ ನಿಂತಿತು. ತುಳಜಾರಾಮ ಕೆಮ್ಮಿದ. ಅವಳು ಬೆರಳೊತ್ತಿದಳು.

ಮರುದಿನ ತಾಯಿ-ಮಗಳನ್ನು ಬಸ್ಸು ಹತ್ತಿಸಲು ಶೇವಂತಾಬಾಯಿ ತಾನೇ ಗಾಡಿ ಕಟ್ಟಿಸಿಕೊಂಡು ಹುಮನಾಬಾದಿನವರೆಗೆ ಬಂದಳು. ದಾರಿಯುದ್ದಕ್ಕೂ ಮುನ್ನಿ ಎತ್ತುಗಳನ್ನು ಗದರಿಸಿದಳು. ಬಸ್ಸು ಕಂಡೊಡನೆ “ಮೋಟಾರ ಬಂತೋ!” ಎಂದು ಕಿರುಚಿದ್ದಕ್ಕೆ ಕಾದು ನಿಂತವರೆಲ್ಲ ನಕ್ಕರು.

“ಒದರು, ಇನ್ನೂ ಜೋರಾಗಿ ಒದರು,” ಎಂದಳು ಸರ್ದಾರಬಿ.

“ಹೈದರಾಬಾದ್! ಹೈದರಾಬಾದ್!” ಎಂದು ಕಂಡಕ್ಟರ್ ಕೂಗಿದ. ಮುನ್ನಿ ತಾಯಿಯ ಮುಖ ನೋಡಿ ಬಾಯಿ ಮುಚ್ಚಿದಳು. ಸುಮ್ಮನೆ ಹತ್ತಿ ಕಿಟಕಿಯ ಪಕ್ಕ ಕುಳಿತಳು.

ಕೆಳಗೆ ಎತ್ತು ನೊಣ ಓಡಿಸಲು ಕೊರಳು ಕೊಡವಿತು. ಗಂಟೆ ಸದ್ದು ಮಾಡಿತು. ಮುನ್ನಿ ಕಿಟಕಿಯಿಂದ ಬಗ್ಗಿ, ಎತ್ತಿಗೆ ಕಾಣುವ ಹಾಗೆ, ತುಟಿಯ ಮೇಲೆ ಬೆರಳಿಟ್ಟಳು.